ಒಗ್ಗಿದ ನೀರು

ಕಳೆದ ಸಲ ನಮ್ಮ ಸಂಘದ ವಾರ್ಷಿಕೋತ್ಸವದ ದಿನ ಊಟದ ಸಾಲಿನಲ್ಲಿ ನಿಂತಿದ್ದೆ. ನಿಮ್ಮ ವಯಸ್ಸಿನ ಹುಡುಗಿಯೊಬ್ಬಳು ಬಂದು, "ಆಂಟಿ, ನಿಮ್ಮ ಮನೆಯಲ್ಲಿ ಡಿಸ್ಕಸ್ ಮೀನು ಇವೆಯಂತೆ, ಗಿಡ ನೆಟ್ಟ ಟ್ಯಾಂಕಂತೆ. ನನಗೂ ಇಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?" ಎಂದು ಕೇಳಿದಳು. ನನ್ನ ಕೈಯಲ್ಲಿ ತಟ್ಟೆ, ಹಿಂದೆ ಉದ್ದದ ಸಾಲು, ಮುಂದೆ ಬಿಸಿ ನೀರುದೋಸೆ. "ನೀರಿನಿಂದ ಶುರು ಮಾಡಮ್ಮಾ" ಎಂದಷ್ಟೇ ಹೇಳಿ ಮುಂದೆ ಸರಿದೆ. ತಿರುಗಿ ನೋಡುವಾಗ ಅವಳಿಲ್ಲ. ಈಗ ಸಂಪಾದಕರು "ಯುವಕರಿಗಾಗಿ ಏನಾದರೂ ಬರೆದುಕೊಡಿ" ಎಂದಾಗ, ಆ ಹುಡುಗಿಗೆ ಕೊಡಬೇಕಾದ ಉತ್ತರ ಬಾಕಿ ಉಳಿದದ್ದು ನೆನಪಾಯಿತು. ಆದ್ದರಿಂದ ಇದು ಅವಳಿಗೆ, ಅವಳ ಜೊತೆಯವರಾದ ನಿಮಗೆಲ್ಲರಿಗೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಮತ್ಸ್ಯಶಾಸ್ತ್ರ ಓದಿದವಳಲ್ಲ. 1991ರಲ್ಲಿ ಉಡುಪಿಯಲ್ಲಿ ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮುಗಿಸಿ, ಮದುವೆಯಾಗಿ ಮುಲುಂಡಿಗೆ ಬಂದು, ಅಂದಿನಿಂದ ಇಂದಿನವರೆಗೆ ಒಲೆ, ನಲ್ಲಿ, ಮಗನ ಶಾಲೆ, ಅತ್ತೆಯವರ ಔಷಧಿ ಎಂದು ದಿನ ಕಳೆದವಳು. ಮೀನೆಂದರೆ ನನಗೆ ಬಂಗುಡೆ, ಬೂತಾಯಿ, ಮಾಂಜಿ. ಮಗ ಚಿಕ್ಕವನಿದ್ದಾಗ ಮರೀನ್ ಡ್ರೈವಿನ ತಾರಾಪೊರವಾಲಾ ಮತ್ಸ್ಯಾಲಯಕ್ಕೆ ಕರೆದುಕೊಂಡು ಹೋಗಿದ್ದೆ. 1951ರಲ್ಲಿ ತೆರೆದ ಆ ಕಟ್ಟಡದೊಳಗಿನ ಹಸಿರು ಬೆಳಕಿನಲ್ಲಿ ಅವನು ಗಾಜಿಗೆ ಮೂಗು ಒತ್ತಿ ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ದೊಡ್ಡವನಾದ ಮೇಲೆ ತನ್ನ ಮೊದಲ ಸಂಬಳದಲ್ಲಿ 4 ಅಡಿಯ ಗಾಜಿನ ತೊಟ್ಟಿಯೊಂದನ್ನು ಹಳೆಯದೇ ಕೊಂಡು ತಂದ. ತಂದಿಟ್ಟು ಆರು ತಿಂಗಳಾಗಿರಲಿಲ್ಲ, 2022ರಲ್ಲಿ ಪುಣೆಯಲ್ಲಿ ಕೆಲಸ ಸಿಕ್ಕಿತು, ಹೊರಟುಬಿಟ್ಟ. ತೊಟ್ಟಿ ಗ್ಯಾಲರಿಯಲ್ಲಿ ಹಳೆ ಪೇಪರು, ಒಡೆದ ಬಕೆಟುಗಳನ್ನು ತುಂಬಿಕೊಂಡು ಒಂದು ವರ್ಷ ಕುಳಿತಿತ್ತು. ನಮ್ಮ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು, ಲೆಕ್ಕದ ಮನುಷ್ಯ. "ಇದನ್ನು ಭಂಗಾರಿನವನಿಗೆ ಕೊಟ್ಟುಬಿಡೋಣ" ಎಂದರು. ಅದೇಕೋ ನನಗೆ ಮನಸ್ಸು ಬರಲಿಲ್ಲ. "ಬೇಡ, ನಾನು ಮೀನು ಸಾಕುತ್ತೇನೆ" ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

ಅದರಲ್ಲೂ ಡಿಸ್ಕಸ್ಸೇ ಏಕೆ ಎಂದರೆ, ಕುರ್ಲಾ ಪಶ್ಚಿಮದ ಮೀನಿನಂಗಡಿಗಳ ಕಡೆ ಹೋದಾಗ ಅದನ್ನು ನೋಡಿ ಬೆರಗಾಗಿ ನಿಂತೆ. ಥೇಟ್ ಮಾಂಜಿ! ತಟ್ಟೆಯಂತೆ ಗುಂಡಗೆ, ಚಪ್ಪಟೆ, ಪುಟ್ಟ ಬಾಯಿ. ಆದರೆ ಮೈತುಂಬ ಕೆಂಪು, ನೀಲಿ ಗೆರೆಗಳ ಚಿತ್ತಾರ. ಓಡಾಟವೂ ಗಡಿಬಿಡಿಯದ್ದಲ್ಲ, ಮದುವೆಮನೆಯಲ್ಲಿ ಜರಿಸೀರೆಯುಟ್ಟ ದೊಡ್ಡಮ್ಮಂದಿರ ಹಾಗೆ ನಿಧಾನವಾಗಿ. ಒಂದಕ್ಕೆ 1,200 ರೂಪಾಯಿ. "ಸಾರಿಗೆ ಹಾಕುವ ಮಾಂಜಿಗೇ ಇಷ್ಟು ಕೊಡಲು ನೀನು ಕೋಳಿಣಿಯ ಜೊತೆ ಅರ್ಧ ಗಂಟೆ ಜಗಳವಾಡುತ್ತೀ, ಬರೇ ನೋಡುವ ಮಾಂಜಿಗೆ ಚೌಕಾಸಿಯೂ ಮಾಡಲಿಲ್ಲವಲ್ಲ!" ಎಂದು ನಮ್ಮವರು ಇವತ್ತಿಗೂ ಹಂಗಿಸುತ್ತಾರೆ.

ತಿಳಿದವರು ಹೇಳುವುದೇನೆಂದರೆ, ಹೊಸಬರು ಡಿಸ್ಕಸ್ಸಿನಿಂದ ಶುರು ಮಾಡಬಾರದು. ಅದರಲ್ಲೂ ಗಿಡಗಳ ತೊಟ್ಟಿಯಲ್ಲಿ ಇಡಲೇಬಾರದು. ಮೀನಿಗೆ 28ರಿಂದ 30 ಡಿಗ್ರಿಯ ಬೆಚ್ಚನೆ ನೀರು ಬೇಕು, ತೊಟ್ಟಿಗೆಂದು ಮಾರುವ ಬಹಳಷ್ಟು ಗಿಡಗಳಿಗೆ ಅಷ್ಟು ಶಾಖ ಆಗದು. ಮೀನು ಹೆಚ್ಚು ತಿನ್ನುತ್ತದೆ, ಹೆಚ್ಚು ಗಲೀಜು ಮಾಡುತ್ತದೆ. ಬರೀ ಗಾಜಿನ ತಳವಾದರೆ ದಿನವೂ ಎಳೆದು ತೆಗೆಯಬಹುದು, ಜಲ್ಲಿ ಗಿಡಗಳಿದ್ದರೆ ಎಲ್ಲ ಒಳಗೇ ಕೂರುತ್ತದೆ. ಈ ಮಾತುಗಳೆಲ್ಲ ನಿಜವೇ. ನಾನು ಕೇಳಲಿಲ್ಲ. ಏನೇನು ತೆತ್ತೆ ಎನ್ನುವುದನ್ನೇ ಈಗ ಹೇಳಹೊರಟಿರುವುದು.

ಮೊದಲಿಗೆ ನೀರಿನ ಭಾರ. ನೀವು ಯಾರೂ ಇದನ್ನು ಯೋಚಿಸುವುದಿಲ್ಲ ಎಂದು ನನಗೆ ಗೊತ್ತು, ನಾನೂ ಯೋಚಿಸಿರಲಿಲ್ಲ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರ ಎಂದರೆ 12 ಘನ ಅಡಿ. ಒಂದು ಘನ ಅಡಿಗೆ 28 ಲೀಟರಿಗಿಂತ ಸ್ವಲ್ಪ ಹೆಚ್ಚು. ಮೇಲೆ ನಾಲ್ಕು ಬೆರಳು ಬಿಟ್ಟು, ಜಲ್ಲಿಯ ಜಾಗ ಕಳೆದರೂ ಸುಮಾರು 280 ಲೀಟರ್ ಹಿಡಿಯುತ್ತದೆ. ನೀರಿಗೇ 280 ಕಿಲೋ. ದಪ್ಪ ಗಾಜು, ಜಲ್ಲಿ, ಕಬ್ಬಿಣದ ಸ್ಟ್ಯಾಂಡು ಸೇರಿ ನಮ್ಮದು 450 ಕಿಲೋದ ಹತ್ತಿರ ಬಂತು. ನಿಮ್ಮ ದೊಡ್ಡಪ್ಪನ ಗಾತ್ರದ ಆರು ಜನ ಒಂದೇ ಮೂಲೆಯಲ್ಲಿ ವರ್ಷಗಟ್ಟಲೆ ಅಲುಗಾಡದೆ ನಿಂತ ಹಾಗೆ! ನಮ್ಮದು ಹಳೆಯ ಕಟ್ಟಡ. ಸೊಸೈಟಿಯ ಕಾರ್ಯದರ್ಶಿ ಮೊದಲು ಹುಬ್ಬು ಗಂಟಿಕ್ಕಿದರು. ಕೆಳಮಹಡಿಯ ಇಂಜಿನಿಯರರು ಬಂದು ನೋಡಿ, ಗ್ಯಾಲರಿ ಬೇಡವೇ ಬೇಡ, ಅದು ಹೊರಗೆ ಚಾಚಿಕೊಂಡ ಭಾಗ. ಹಾಲ್‌ನಲ್ಲಿ ಕೆಳಗೆ ಬೀಮ್ ಹಾದುಹೋಗುವ ಗೋಡೆಗೆ ತಾಗಿಸಿ ಇಡಿ ಎಂದರು. ಹಾಗೇ ಮಾಡಿದೆವು. ಸ್ಟ್ಯಾಂಡಿನ ಮೇಲೆ ಥರ್ಮಾಕೋಲ್ ಹಾಳೆ, ಅದರ ಮೇಲೆ ತೊಟ್ಟಿ. ಥರ್ಮಾಕೋಲ್ ಇಲ್ಲದಿದ್ದರೆ ಸಣ್ಣ ಕಲ್ಲಿನ ಚೂರೊಂದು ಅಡಿಗೆ ಸಿಕ್ಕಿಕೊಂಡರೂ ಗಾಜು ಬಿರುಕು ಬಿಡಬಹುದು.

ತಳಕ್ಕೆ ಹಾಕುವ ಮಣ್ಣಿನ ವಿಷಯದಲ್ಲಿ ಮಾತ್ರ ನನಗೆ ಒಂದು ಅದೃಷ್ಟ ಖುಲಾಯಿಸಿತು. ಅಂಗಡಿಯಲ್ಲಿ ಗಿಡಗಳಿಗೆಂದೇ ಬರುವ ವಿದೇಶಿ ಮಣ್ಣಿನ ಚೀಲದ ಬೆಲೆ ಕೇಳಿ ಹಿಂದಕ್ಕೆ ಬಂದಿದ್ದೆ. ಆಮೇಲೆ ಓದುತ್ತಾ ಹೋದಾಗ ತಿಳಿಯಿತು: 1980ರ ದಶಕದಲ್ಲಿ ಜರ್ಮನಿಯವರು ತೊಟ್ಟಿಯ ಗಿಡಗಳ ಬೇರಿಗೆ ಕಬ್ಬಿಣದ ಅಂಶ ಸಿಗಲೆಂದು ಜಲ್ಲಿಯಡಿಗೆ ಹಾಕುತ್ತಿದ್ದದ್ದು ಲ್ಯಾಟರೈಟ್! ಅಂದರೆ ನಮ್ಮ ಮುರಕಲ್ಲು. ನೀವು ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಮನೆಗೋಡೆಯಲ್ಲಿ, ಬಾವಿಕಟ್ಟೆಯಲ್ಲಿ, ಅಂಗಳದ ಪಾಗಾರದಲ್ಲಿ ನೋಡಿರುತ್ತೀರಲ್ಲ, ತೂತುತೂತಿನ ಕೆಂಪುಕಲ್ಲು, ಅದೇ. ಆ ಹೆಸರನ್ನು ಲೋಕಕ್ಕೆ ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ 1807ರಲ್ಲಿ ಪ್ರಕಟಿಸಿದ ತನ್ನ ಪ್ರವಾಸದ ಪುಸ್ತಕದಲ್ಲಿ. ನನ್ನ ತವರಿನ ಹಳೆಮನೆಯನ್ನು ಆಗಷ್ಟೇ ಕೆಡವಿದ್ದರು. ತಮ್ಮನಿಗೆ ಫೋನು ಮಾಡಿ, "ಒಡೆದ ಕಲ್ಲಿದ್ದರೆ ಕುಟ್ಟಿ ಒಂದು ಚೀಲ ಬಸ್ಸಿಗೆ ಹಾಕು" ಎಂದೆ. "ಅಕ್ಕಾ, ಮುಂಬಯಿಯಲ್ಲಿ ಅಷ್ಟೂ ಮಣ್ಣಿಲ್ಲವೇ?" ಎಂದು ಅವನು ನಕ್ಕ. ಬಂದ ಪುಡಿಯನ್ನು ತೊಳೆದು, ಒಂದು ಭಾಗವನ್ನು ಕೆಳಗಿನ ಜಲ್ಲಿಯ ಜೊತೆ ಬೆರೆಸಿ, ಮೇಲೆ ಬರೀ ಜಲ್ಲಿ ಹಾಸಿದೆ. ಒಂದು ಎಚ್ಚರಿಕೆ: ನೆಟ್ಟ ಗಿಡವನ್ನು ಮತ್ತೆ ಕೀಳಬೇಡಿ. ನಾನು ಒಮ್ಮೆ ಜಾಗ ಬದಲಿಸಲೆಂದು ಎಳೆದೆ, ತೊಟ್ಟಿ ಎರಡು ದಿನ ಜೂನ್ ತಿಂಗಳ ಸ್ವರ್ಣಾ ನದಿಯಂತೆ ಕೆಂಪಗಾಯಿತು.

ಜಲ್ಲಿಯನ್ನೂ ಪರೀಕ್ಷೆ ಮಾಡಿಯೇ ಹಾಕಬೇಕು. ನಾಲ್ಕು ಹರಳಿನ ಮೇಲೆ ಲಿಂಬೆಹಣ್ಣು ಹಿಂಡಿ. ನೊರೆ ಎದ್ದರೆ ಸುಣ್ಣದ ಅಂಶವಿದೆ ಎಂದರ್ಥ, ನೀರನ್ನು ಗಡುಸು ಮಾಡುತ್ತದೆ. ಜುಹೂವಿನಿಂದ ಚಿಪ್ಪು ತುಂಬಿದ ಮರಳು ತರಬೇಡಿ.

ಗಿಡಗಳಲ್ಲಿ ಶಾಖ ತಡೆಯುವವು ನಾಲ್ಕೈದೇ. ಅಮೆಜಾನ್ ಸ್ವೋರ್ಡ್, ಅನೂಬಿಯಾಸ್, ಜಾವಾ ಫರ್ನ್, ಕ್ರಿಪ್ಟೊಕೊರೈನ್, ವ್ಯಾಲಿಸ್ನೇರಿಯಾ. ಅನೂಬಿಯಾಸ್ ಮತ್ತು ಜಾವಾ ಫರ್ನನ್ನು ಮಣ್ಣಿನಲ್ಲಿ ಹೂಳಬಾರದು, ಕೊಳೆಯುತ್ತವೆ. ಮರದ ಕೊರಡಿಗೆ ನೂಲಿನಿಂದ ಕಟ್ಟಿ. ಬೆಳಕು ದಿನಕ್ಕೆ 7 ಗಂಟೆ ಸಾಕು, ಹೆಚ್ಚಾದರೆ ಪಾಚಿ. ಜಪಾನಿನ ತಕಾಶಿ ಅಮಾನೊ ಎಂಬ ಛಾಯಾಗ್ರಾಹಕರು ಗಾಜಿನೊಳಗೆ ಬೆಟ್ಟ, ಕಾಡು, ಹುಲ್ಲುಗಾವಲು ಮಾಡಿ ತೋರಿಸಿದವರು, 2015ರಲ್ಲಿ ತೀರಿಕೊಂಡರು. ಅವರ ಚಿತ್ರಗಳನ್ನು ನೋಡಿ ಮನಸೋಲದವರಿಲ್ಲ. ಆದರೆ ಆ ಹುಲ್ಲುಹಾಸಿಗೆ ಬೇಕಾದ ಅನಿಲದ ಸಿಲಿಂಡರು, ತಂಪು ನೀರು, ಕತ್ತರಿ ಹಿಡಿದು ಕೂರುವ ವ್ಯವಧಾನ ಇವುಗಳಲ್ಲಿ ಒಂದೂ ನನ್ನ ಬಳಿ ಇರಲಿಲ್ಲ.

ಇಷ್ಟೆಲ್ಲ ಆದದ್ದು 2023ರ ಆಗಸ್ಟ್ ಮೂರನೆಯ ವಾರ. ಇನ್ನು ಕಾಯಬೇಕಾದ ಹೊತ್ತು. ಇಲ್ಲಿಯೇ ನಾನು ಎಡವಿದ್ದು.

ಹೊಸ ನೀರು ನೋಡಲು ಸ್ಫಟಿಕದಂತೆ ಇರುತ್ತದೆ, ಆದರೆ ಅದಿನ್ನೂ ಮೀನಿನ ನೀರಾಗಿರುವುದಿಲ್ಲ. ಮೀನಿನ ಕಸದಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದ್ದು ಅದನ್ನು ನೈಟ್ರೇಟ್ ಮಾಡುತ್ತದೆ. ಇದು ಅಷ್ಟು ಕೆಡುಕಲ್ಲ, ಗಿಡಗಳಿಗೆ ಊಟ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ, ಜಲ್ಲಿಯಲ್ಲಿ ಮನೆ ಮಾಡಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು. ದಿನಾ ರಾತ್ರಿ ಹಾಲಿಗೆ ಹೆಪ್ಪು ಹಾಕಿ ಮಲಗುವ ನಮಗೆ ಇದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. ಹೆಪ್ಪು ಇಲ್ಲದೆ ಮೊಸರಿಲ್ಲ, ಹೆಪ್ಪು ಹಾಕಿದ ಹತ್ತು ನಿಮಿಷಕ್ಕೆ ಬಟ್ಟಲು ಅಲುಗಿಸಿ ನೋಡಿದರೂ ಮೊಸರಿಲ್ಲ. ಗೊತ್ತಿತ್ತು. ಆದರೆ ಆ ವರ್ಷ ಚೌತಿ ಸೆಪ್ಟೆಂಬರ್ 19ಕ್ಕೆ. ಮಗ ಬರುವವನಿದ್ದ. ಬಾಗಿಲು ತೆರೆದಾಗ ಅವನ ತೊಟ್ಟಿಯಲ್ಲಿ ಡಿಸ್ಕಸ್ ಈಜುತ್ತಿರಬೇಕು ಎನ್ನುವ ಹುಚ್ಚು ನನಗೆ ಹಿಡಿದಿತ್ತು. ಹತ್ತು ದಿನ ಮೊದಲೇ ಕುರ್ಲಾಕ್ಕೆ ಹೋಗಿ ಆರು ಮೀನು ತಂದುಬಿಟ್ಟೆ.

ಮಗ ಹಿಂದಿನ ರಾತ್ರಿ ಬಂದ. ತೊಟ್ಟಿಯ ಮುಂದೆ ನೆಲದ ಮೇಲೆ ಕುಳಿತು ಬಹಳ ಹೊತ್ತು ನೋಡಿದ. ನನಗಂತೂ ಹಬ್ಬ ಆಗಲೇ ಆಗಿಹೋಗಿತ್ತು. ಬೆಳಿಗ್ಗೆ ಕಡುಬಿಗೆ ಹಿಟ್ಟು ಕಲಸಿಟ್ಟು ಹಾಲ್‌ಗೆ ಬಂದರೆ, ಒಂದು ಮೀನು ಗಿಡದ ಬುಡದಲ್ಲಿ ಮಗ್ಗುಲಾಗಿ ಬಿದ್ದಿತ್ತು. ಉಳಿದವು ಕಪ್ಪಾಗಿ ಮೂಲೆಯಲ್ಲಿ ಒತ್ತಿಕೊಂಡಿದ್ದವು. ಮಗ ಪರೀಕ್ಷೆಯ ಬಾಟಲಿ ತಂದು ನೀರಿಗೆ ಹನಿ ಹಾಕಿದ. ಹಳದಿಯಾಗಿ ಉಳಿಯಬೇಕಾದದ್ದು ಹಸಿರಾಯಿತು. ಅಮೋನಿಯಾ. ಇನ್ನೊಂದು ಎರಡು ದಿನ ಬಿಟ್ಟು ಹೋಯಿತು. ಅವನು ಬಯ್ಯಲಿಲ್ಲ. ಪುಣೆಗೆ ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, "ಅಮ್ಮಾ, ಇನ್ನೊಂದು ತಿಂಗಳು ಕಾಯಬಹುದಿತ್ತಲ್ಲ. ನಾನು ದೀಪಾವಳಿಗೂ ಬರುತ್ತಿದ್ದೆ" ಎಂದ.

ಸತ್ತ ಮೀನಿನ ಸಂಕಟಕ್ಕಿಂತ ಆ ಮಾತು ನನ್ನನ್ನು ಹೆಚ್ಚು ದಿನ ಚುಚ್ಚಿತು. ಆದ್ದರಿಂದಲೇ ಇರಬೇಕು, ಇನ್ನು ಮುಂದೆ ಸರಿಯಾಗಿ ಮಾಡುತ್ತೇನೆ ಎಂದು ಹಟ ಹಿಡಿದು ಮತ್ತೊಂದು ತಪ್ಪು ಮಾಡಿದೆ. ಓದಲು ಕುಳಿತೆ. ನಾವು ಬಿ.ಎ.ಯಲ್ಲಿ ಎಡ್ಮಂಡ್ ಗಾಸ್ ಎಂಬ ವಿಮರ್ಶಕನ ಹೆಸರು ಕೇಳಿದ್ದೆವು. 1912ರಲ್ಲಿ ಬಂದ ಸರೋಜಿನಿ ನಾಯ್ಡು ಅವರ ಕವನ ಸಂಕಲನಕ್ಕೆ ಮುನ್ನುಡಿ ಬರೆದವನು. ಇಂಗ್ಲೆಂಡಿನ ಹಕ್ಕಿ, ಇಂಗ್ಲೆಂಡಿನ ಹೂವುಗಳನ್ನು ಬಿಟ್ಟು ನಿನ್ನ ನೆಲದ್ದನ್ನು ಬರೆ ಎಂದು ಆಕೆಗೆ ಬುದ್ಧಿ ಹೇಳಿದವನು. 1854ರಲ್ಲಿ 'ಅಕ್ವೇರಿಯಂ' ಎಂಬ ಪದವನ್ನೇ ಪುಸ್ತಕದ ಹೆಸರಾಗಿಸಿ ಮನೆಮಾತು ಮಾಡಿದ ಫಿಲಿಪ್ ಹೆನ್ರಿ ಗಾಸ್ ಅವನ ಅಪ್ಪ ಎಂದು ನನಗೆ ತಿಳಿದದ್ದು ಈ ಐವತ್ತು ದಾಟಿದ ಮೇಲೆ! ಆ ಅಪ್ಪನಿಗೂ ಮಗನಿಗೂ ಹೊಂದಿಕೆಯಾಗದ ಕತೆಯನ್ನು ಮಗ 1907ರಲ್ಲಿ 'ಫಾದರ್ ಆ್ಯಂಡ್ ಸನ್' ಎಂದು ಬರೆದ. ಮೀನಿನ ತೊಟ್ಟಿಯ ಹಿಂದೆ ಹೋಗಿ ನಾನು ಅಲ್ಲಿಗೆ ತಲುಪಿದೆ. ಇರಲಿ, ಮೀನಿಗೆ ಬರುತ್ತೇನೆ.

ಡಿಸ್ಕಸ್ ದಕ್ಷಿಣ ಅಮೆರಿಕದ ಅಮೆಜಾನ್ ನದೀಪ್ರದೇಶದ ಮೀನು. ವಿಯೆನ್ನಾದ ಹೆಕೆಲ್ ಎಂಬ ವಿಜ್ಞಾನಿ 1840ರಲ್ಲಿ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟ. ಅಲ್ಲಿಯ ರಿಯೊ ನೀಗ್ರೊ ನದಿಯ ನೀರು ಕೊಳೆತ ಎಲೆಗಳಿಂದ ಚಹಾದ ಬಣ್ಣಕ್ಕೆ ತಿರುಗಿರುತ್ತದೆ, ಬಹಳ ಮೆದು, ಹುಳಿ. ಓದಿದ್ದೇ ತಡ, ನನ್ನ ಮೀನುಗಳು ಸತ್ತದ್ದು ನೀರು ಅಮೆಜಾನಿನಂತೆ ಇಲ್ಲದ್ದಕ್ಕೆ ಎಂದು ತೀರ್ಮಾನಿಸಿದೆ. ಮಳೆ ಮುಗಿಯುವ ಮುನ್ನ ತಾರಸಿಯಲ್ಲಿ ಎರಡು ಡ್ರಮ್ ಮಳೆನೀರು ಹಿಡಿದಿಟ್ಟೆ. ಕಂಪೌಂಡಿನ ಬಾದಾಮಿ ಮರದ ಕೆಂಪೆಲೆಗಳನ್ನು ಆರಿಸಿ ತಂದು ಕುದಿಸಿ ಕಷಾಯ ಮಾಡಿದೆ. ಒಂದು ದಿನ ಮಳೆನೀರು, ಅದು ಸಾಲದಾದಾಗ ನಲ್ಲಿನೀರು, ಮತ್ತೆ ಕಷಾಯ. ಪರೀಕ್ಷೆಯ ಪಟ್ಟಿ ಈ ದಿನ ಒಂದು ಬಣ್ಣ, ಮರುದಿನ ಇನ್ನೊಂದು. ಉಳಿದ ನಾಲ್ಕು ಮೀನುಗಳು ಊಟ ಬಿಟ್ಟು, ರೆಕ್ಕೆ ಮಡಚಿಕೊಂಡು, ಕೊರಡಿನ ಹಿಂದೆ ಮುಖ ತಿರುಗಿಸಿ ನಿಂತವು.

ಸೋತು ಮತ್ತೆ ಕುರ್ಲಾಕ್ಕೆ ಹೋದೆ. ಮೀನು ಕೊಟ್ಟ ಅಂಗಡಿಯ ಮುದುಕ ನನ್ನ ಅಮೆಜಾನ್ ಪುರಾಣವನ್ನೆಲ್ಲ ತಾಳ್ಮೆಯಿಂದ ಕೇಳಿದ. ಆಮೇಲೆ ಅವನ ಹಿಂದಿಯಲ್ಲಿ ಹೇಳಿದ್ದು ಇಷ್ಟು: "ಬೆಹನ್‌ಜೀ, ಇವು ಅಮೆಜಾನ್ ಎಲ್ಲಿ ನೋಡಿವೆ? ಇವುಗಳ ಅಪ್ಪ ನೋಡಿಲ್ಲ, ಅಜ್ಜ ನೋಡಿಲ್ಲ. ಹುಟ್ಟಿದ್ದು ಕಲ್ಯಾಣದ ಕಡೆಯ ಶೆಡ್ಡಿನಲ್ಲಿ, ಬೋರ್‌ವೆಲ್ ನೀರಿನಲ್ಲಿ. ಅವು ಎಲ್ಲಿಂದ ಬಂದವು ಎಂದು ಕೇಳಬೇಡಿ. ನಿಮ್ಮ ನಲ್ಲಿಯಲ್ಲಿ ಬರುವ ನೀರು ಯಾವುದು, ಅದನ್ನು ಹೇಳಿ. ಅದನ್ನೇ ಕೊಡಿ, ನಿನ್ನೆಯಂತೆ ಇವತ್ತು, ಇವತ್ತಿನಂತೆ ನಾಳೆ. ಒಗ್ಗಿಕೊಳ್ಳುತ್ತವೆ." ಹೊರಡುವಾಗ ತನ್ನ ತೊಟ್ಟಿಯ ಹಳೆಯ ಸ್ಪಂಜಿನ ಒಂದು ಕೊಳಕು ತುಂಡನ್ನು ನೀರಿನ ಸಮೇತ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ. ಹೆಪ್ಪು! ಮೊದಲೇ ಕೇಳಿದ್ದರೆ ಮೊದಲೇ ಕೊಡುತ್ತಿದ್ದನೋ ಏನೋ.

ಮುಲುಂಡಿಗೆ ಬರುವ ಲೋಕಲಿನಲ್ಲಿ ಆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತವಳಿಗೆ ಹಳೆಯದೊಂದು ನೆನಪಾಯಿತು. ಮಗ ಚಿಕ್ಕವನಿರುವಾಗ ಪ್ರತಿ ಮೇ ತಿಂಗಳು ಊರಿಗೆ ಹೋಗುತ್ತಿದ್ದೆವು. ಮೂರನೆಯ ದಿನಕ್ಕೆ ಅವನಿಗೆ ಹೊಟ್ಟೆ ಕೆಡುತ್ತಿತ್ತು, ಮೈತುಂಬ ಗಂಧೆ. "ಹುಡುಗನಿಗೆ ಊರಿನ ನೀರು ಒಗ್ಗಲಿಲ್ಲ" ಎಂದು ಎಲ್ಲರೂ ಹೇಳುವರು. ನನಗೆ ಅವಮಾನವಾದ ಹಾಗಾಗುತ್ತಿತ್ತು. ನನ್ನ ತವರಿನ ಬಾವಿಯ ನೀರು ನನ್ನ ಮಗನಿಗೆ ಒಗ್ಗುವುದಿಲ್ಲ ಎಂದರೇನು! ಬಾಟಲಿಯ ನೀರು ಕೊಡಲು ಬಿಡದೆ, ಅದನ್ನೇ ಕುಡಿಸುತ್ತಿದ್ದೆ. 2022ರಲ್ಲಿ ಪುಣೆಯಲ್ಲಿ ಬಾಡಿಗೆ ಮನೆ ಹುಡುಕುವಾಗ, ಮನೆಯವರು ಫೋನಿನಲ್ಲಿ "ಎಲ್ಲಿಯವರು?" ಎಂದು ಕೇಳಿದ್ದಕ್ಕೆ ಅವನು "ಮುಲುಂಡ್" ಎಂದ. ಫೋನಿಟ್ಟ ಮೇಲೆ ನಾನು, "ಉಡುಪಿ ಎನ್ನಲು ನಾಚಿಕೆಯೇ?" ಎಂದೆ. "ನಾಚಿಕೆ ಏಕಮ್ಮ? ಉಡುಪಿ ನಿನ್ನ ಊರು. ಅಲ್ಲಿ ಬಸ್ಸಿಳಿದರೆ ಯಾರ ಮನೆಗೂ ನನಗೆ ಒಬ್ಬನೇ ಹೋಗಲು ಬರುವುದಿಲ್ಲ. ನನ್ನ ಊರು ಮುಲುಂಡ್" ಎಂದ. ಎರಡು ದಿನ ನಾನು ಅವನೊಡನೆ ಮಾತಾಡಲಿಲ್ಲ. ಊಟ ಬಡಿಸಿ ಒಳಗೆ ಹೋಗುತ್ತಿದ್ದೆ. ಕುರ್ಲಾದ ಮುದುಕ ಹೇಳಿದ್ದನ್ನು ನಾನು ಮಗನಿಗೆ ಇನ್ನೂ ಹೇಳಿಲ್ಲ. ಈ ಸಂಚಿಕೆ ಅವನಿಗೆ ಅಂಚೆಯಲ್ಲಿ ಹೋಗುತ್ತದೆ. ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತಾನೆ, ನಿಧಾನ, ಆದರೆ ಓದುತ್ತಾನೆ.

ಸರಿ, ನಮ್ಮ ನಲ್ಲಿಯ ನೀರು ಯಾವುದು? ಮೂವತ್ತು ವರ್ಷ ಕುಡಿದಿದ್ದೇನೆ, ಒಮ್ಮೆಯೂ ವಿಚಾರಿಸಿರಲಿಲ್ಲ. ಮುಂಬಯಿಗೆ ನೀರು ಕೊಡುವುದು ಏಳು ಜಲಾಶಯಗಳು. 1860ರಲ್ಲಿ ವಿಹಾರ, 1892ರಲ್ಲಿ ತಾನ್ಸಾ, ಆಮೇಲೆ ವೈತರಣಾ, ಭಾತ್ಸಾ ಎಂದು ನಗರ ಬೆಳೆದ ಹಾಗೆ ದೂರದೂರಕ್ಕೆ ಕೈಚಾಚಿ ತಂದದ್ದು. ಸತ್ತವರು ದಾಟುವ ನದಿ ವೈತರಣಿ ಎಂದು ಪುರಾಣ. ನಾವು ಮುಂಬಯಿಯವರು ಬದುಕಿರುವಾಗಲೇ ದಿನಾ ಬೆಳಿಗ್ಗೆ ವೈತರಣೆಯನ್ನು ಬಕೆಟಿನಲ್ಲಿ ತುಂಬಿಕೊಳ್ಳುತ್ತೇವೆ. ಆ ನೀರಿನಲ್ಲಿ ಬಹುಪಾಲು ನಮ್ಮ ಪಕ್ಕದ ಭಾಂಡುಪಿನಲ್ಲೇ ಶುದ್ಧವಾಗುತ್ತದೆ; ಏಷ್ಯಾದ ದೊಡ್ಡ ಶುದ್ಧೀಕರಣ ಕೇಂದ್ರಗಳಲ್ಲಿ ಅದೂ ಒಂದು. ಕೆರೆಯ ನೀರಾದ್ದರಿಂದ ಮೆದು, ಡಿಸ್ಕಸ್ಸಿಗೆ ಹೇಳಿಮಾಡಿಸಿದಂತಿದೆ. ಅಮೆಜಾನನ್ನು ಹುಡುಕಿಕೊಂಡು ನಾನು ತಾರಸಿ ಹತ್ತಿದ್ದೆ, ಒಳ್ಳೆಯ ನೀರು ಅಡುಗೆಮನೆಯಲ್ಲೇ ಇತ್ತು. ಒಂದೇ ಕೊರತೆ ಕ್ಲೋರಿನ್. ಅದಕ್ಕೆ ಹೈಪೋ ಎಂಬ ಹರಳು ಸಿಗುತ್ತದೆ. ನಿಮ್ಮ ಅಪ್ಪಂದಿರ ಕಾಲದಲ್ಲಿ ಫೋಟೋ ತೊಳೆಯಲು ಬಳಸುತ್ತಿದ್ದದ್ದೇ, ಸೋಡಿಯಂ ಥಯೋಸಲ್ಫೇಟ್. ಅಂಗಡಿಯವನು ಹೇಳಿದ ಪ್ರಮಾಣದಲ್ಲಿ ಡ್ರಮ್ಮಿಗೆ ಹಾಕಿ, ನೀರು ಬೆಚ್ಚಗಾದ ಮೇಲೆ ತೊಟ್ಟಿಗೆ. ನಿಮ್ಮ ಕಟ್ಟಡದಲ್ಲಿ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬೆರೆಸುತ್ತಿದ್ದರೆ ಮಾತ್ರ ಯಾವ ದಿನ ಯಾವುದು ಬರುತ್ತದೆ ಎಂದು ವಾಚ್‌ಮನ್ನನ್ನು ಕೇಳಿಟ್ಟುಕೊಳ್ಳಿ.

ನಾಲ್ಕು ಮೀನುಗಳೂ ಉಳಿದವು. ಡಿಸೆಂಬರಿನ ಹೊತ್ತಿಗೆ ನಾನು ಗಾಜಿನ ಹತ್ತಿರ ಹೋದರೆ ಓಡಿಬಂದು ಬಾಯಿ ತೆರೆಯುವಷ್ಟು ಸಲುಗೆ. ಹೊರದೇಶಗಳಲ್ಲಿ ಇವಕ್ಕೆ ದನದ ಹೃದಯ ಅರೆದು ಕೊಡುತ್ತಾರಂತೆ. ನಾನು ಸಿಗಡಿ, ಪಾಲಕ್, ಒಂದೆಸಳು ಬೆಳ್ಳುಳ್ಳಿ ರುಬ್ಬಿ, ತೆಳುವಾಗಿ ಫ್ರೀಜರಿನಲ್ಲಿಟ್ಟು ತುಂಡು ಮಾಡಿ ಹಾಕುತ್ತೇನೆ. ಪರಿಮಳಕ್ಕೆ ನಮ್ಮವರೂ ಒಮ್ಮೆ ಮೂಗರಳಿಸಿದರು.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. 2024ರ ಬೇಸಿಗೆಯಲ್ಲಿ ಜಲಾಶಯಗಳು ಬತ್ತಿದವು. ಮೇ 30ರಿಂದ ಶೇಕಡಾ 5, ಜೂನ್ 5ರಿಂದ ಶೇಕಡಾ 10 ನೀರು ಕಡಿತ. ನಾನು ಪುಸ್ತಕದವರು ಹೇಳಿದಂತೆ ದಿನ ಬಿಟ್ಟು ದಿನ 100 ಲೀಟರ್ ತೆಗೆದು ಹೊಸತು ತುಂಬುತ್ತಿದ್ದೆ. ಒಂದು ದಿನ ಪೈಪಿನಿಂದ ಹಳೆ ನೀರು ಬಚ್ಚಲಿಗೆ ಹೋಗುತ್ತಿರುವಾಗ, ನೆಲ ಒರೆಸುತ್ತಿದ್ದ ನಮ್ಮ ಬಾಯಿ ಕೈ ನಿಲ್ಲಿಸಿ ನೋಡಿದಳು. ಅವಳಿರುವುದು ಭಾಂಡುಪಿನ ಗುಡ್ಡದ ಮೇಲೆ. ನೀರು ಬರುವುದು ಒಂದು ಗಂಟೆ, ಅದನ್ನೂ ಕೆಳಗಿನಿಂದ ಕ್ಯಾನಿನಲ್ಲಿ ಹೊರಬೇಕು. "ವಹಿನಿ, ನಮ್ಮ ಮನೆಯ ಐದು ಜನರಿಗಿಂತ ಇವು ಹೆಚ್ಚು ನೀರು ಕುಡಿಯುತ್ತವೆ ಅಲ್ಲವೇ?" ಎಂದಳು. ಸಿಟ್ಟಿನಿಂದಲ್ಲ, ನಗುತ್ತಲೇ. ಮತ್ತೆ ಒರೆಸಲು ಬಗ್ಗಿದಳು.

ಆ ರಾತ್ರಿ ನಮ್ಮವರ ಲೆಕ್ಕದ ಪುಸ್ತಕದಲ್ಲಿ ನಾನೇ ಲೆಕ್ಕ ಹಾಕಿದೆ. ವಾರಕ್ಕೆ 350 ಲೀಟರ್, ನಾಲ್ಕು ಮೀನಿಗೆ. ಮೀನುಗಳನ್ನು ವಾಪಸು ಕೊಟ್ಟುಬಿಡಲೇ ಎಂದೂ ಯೋಚಿಸಿದೆ. ಕೊಡಲಾಗಲಿಲ್ಲ, ಅದು ನನ್ನ ದೌರ್ಬಲ್ಯ. ಆದರೆ ಗಿಡಗಳು ನನ್ನ ಕೈ ಹಿಡಿದವು. ನೈಟ್ರೇಟನ್ನು ತಿನ್ನುವವು ಅವೇ ಅಲ್ಲವೇ? 1850ರ ಹೊತ್ತಿಗೇ ಲಂಡನ್ನಿನ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಎರಡು ಚಿನ್ನದ ಮೀನು, ಕೆಲವು ಬಸವನಹುಳು, ಒಂದು ವ್ಯಾಲಿಸ್ನೇರಿಯಾ ಇಟ್ಟು ಮೀನು ಗಿಡಗಳು ಒಂದಕ್ಕೊಂದು ಆಸರೆಯಾಗುವುದನ್ನು ತೋರಿಸಿದ್ದ. ನಾನು ಸ್ವೋರ್ಡ್ ಗಿಡಗಳನ್ನು ಇನ್ನೂ ನೆಟ್ಟೆ, ವ್ಯಾಲಿಸ್ನೇರಿಯಾ ಬಳ್ಳಿ ಹಬ್ಬಿ ಹಿಂಭಾಗವೆಲ್ಲ ಪರದೆಯಾಯಿತು. ಮೇಲೆ ಮನಿಪ್ಲಾಂಟಿನ ಬೇರುಗಳನ್ನೂ ನೀರಿಗೆ ಇಳಿಬಿಟ್ಟೆ. ಊಟ ಕಡಿಮೆ ಮಾಡಿದೆ. ಅಷ್ಟು ಹೊತ್ತಿಗೆ ಮೀನುಗಳು ಬೆಳೆದಿದ್ದವು, ಮರಿಗಳಂತೆ ದಿನಕ್ಕೆ ಐದು ಸಲ ಬೇಕಾಗಿರಲಿಲ್ಲ. ವಾರಕ್ಕೊಮ್ಮೆ ಪರೀಕ್ಷೆ ಮಾಡುತ್ತಾ ಅಳತೆ ಇಳಿಸುತ್ತಾ ಬಂದು, ಈಗ ವಾರಕ್ಕೆ ಒಮ್ಮೆ 80 ಲೀಟರ್. ತೆಗೆದ ನೀರು ಬಚ್ಚಲಿಗಲ್ಲ. ನೆಲ ಒರೆಸಲು, ತುಳಸಿಗೆ, ಉಳಿದದ್ದು ಕಂಪೌಂಡಿನ ದಾಸವಾಳಕ್ಕೆ. ದಾಸವಾಳ ಸೊಕ್ಕಿ ಬೆಳೆದಿದೆ. ಇಷ್ಟಾದ ಮಾತ್ರಕ್ಕೆ ಲೆಕ್ಕ ಚುಕ್ತಾ ಆಯಿತು ಎಂದು ನಾನು ಹೇಳುವುದಿಲ್ಲ. ಬಾಯಿ ಈಗಲೂ ಕ್ಯಾನ್ ಹೊತ್ತೇ ಗುಡ್ಡ ಹತ್ತುತ್ತಾಳೆ.

ಗಿಡ ಬೇಡ, ಬರೀ ಗಾಜು ಸಾಕು ಎನ್ನುವವರಿಗೆ ದಿನಾ ಅರ್ಧ ತೊಟ್ಟಿ ನೀರು ಚೆಲ್ಲುವ ಅನುಕೂಲ ಇರುತ್ತದೆ. ನಮ್ಮ ನಗರದಲ್ಲಿ ನನಗೆ ಅದು ಒಪ್ಪುವುದಿಲ್ಲ. ಆದ್ದರಿಂದ ನಿಮಗೆ ನನ್ನ ಸಲಹೆ ಇಷ್ಟೇ: ಮೊದಲು ಗಿಡ, ಜೊತೆಗೆ ಅಗ್ಗದ ಗಟ್ಟಿ ಮೀನು ನಾಲ್ಕು, ಆರು ತಿಂಗಳು ಹಾಗೇ ಇರಲಿ. ಗಿಡ ಬೇರುಬಿಟ್ಟ ಮೇಲೆ ಡಿಸ್ಕಸ್ ತನ್ನಿ. ಪುಟ್ಟ ಮರಿಗಳನ್ನಲ್ಲ, ಅಂಗೈಯಗಲ ಬೆಳೆದವನ್ನು, ನಾಲ್ಕೋ ಐದೋ ಒಟ್ಟಿಗೆ.

ಈ ವರ್ಷದ ವಿಶೇಷವನ್ನು ಹೇಳದೆ ಹೋದರೆ ನಮ್ಮವರೇ ನನ್ನನ್ನು ಬಯ್ದಾರು. ಎರಡು ಮೀನುಗಳು ಜೊತೆಯಾಗಿ ಸ್ವೋರ್ಡ್ ಗಿಡದ ಅಗಲ ಎಲೆಯೊಂದನ್ನು ಬಾಯಿಯಿಂದ ಉಜ್ಜಿ ಉಜ್ಜಿ ಒರೆಸಿದವು. ಆ ಎಲೆಯ ಮೇಲೆ ಸಾಲು ಸಾಲು ಮೊಟ್ಟೆ. ಮೊದಲ ಸಲ ಬಿಳಿಯಾಗಿ ಕೆಟ್ಟವು, ಎರಡನೆಯ ಸಲ ಅವೇ ತಿಂದವು. ಮೂರನೆಯ ಸಲ ಕೆಲವು ಮರಿಗಳಾದವು, ಅಕ್ಕಿನುಚ್ಚಿನಷ್ಟು. ಅವು ಈಜಲು ಕಲಿತೊಡನೆ ಅಪ್ಪ ಅಮ್ಮನ ಮೈಗೆ ಅಂಟಿಕೊಂಡವು. ತಂದೆ ತಾಯಿ ಇಬ್ಬರ ಚರ್ಮದಿಂದಲೂ ಒಸರುವ ಲೋಳೆಯೇ ಅವುಗಳಿಗೆ ಹಾಲು. ಒಂದು ದಣಿದಾಗ ಮೈ ಜಾಡಿಸಿ ಇನ್ನೊಂದಕ್ಕೆ ಒಪ್ಪಿಸುತ್ತದೆ. ನಮ್ಮ ಕರಾವಳಿಯ ಹಿನ್ನೀರಿನಲ್ಲಿ ಸಿಗುವ ಹಳದಿ ಕ್ರೊಮೈಡ್ ಎಂಬ ಮೀನಿನ ಮರಿಗಳೂ ಹೀಗೇ ತಾಯ್ತಂದೆಯರ ಮೈ ಮೇಯುತ್ತವೆ. ನೇತ್ರಾವತಿಯಲ್ಲಿ ಅದರ ದಾಯಾದಿಯೊಂದಿದೆ. 1877ರಲ್ಲಿ ಫ್ರಾನ್ಸಿಸ್ ಡೇ ಅದಕ್ಕೆ ನಮ್ಮ ಕೆನರಾದ ಹೆಸರನ್ನೇ ಇಟ್ಟಿದ್ದಾನೆ. ಅವೂ ಅಮೆಜಾನಿನ ಡಿಸ್ಕಸ್ಸೂ ಒಂದೇ ಕುಟುಂಬ.

ಡಿಸ್ಕಸ್ ಮರಿಗಳ ಬಗ್ಗೆ 2010ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಮಗನೇ ಕಳಿಸಿದ. ಮೊದಲ ಎರಡು ವಾರ ತಂದೆತಾಯಿಗಳು ಮರಿಗಳನ್ನು ಬಿಟ್ಟಿರುವುದಿಲ್ಲ. ಮೂರನೆಯ ವಾರದಿಂದ ಸ್ವಲ್ಪ ಸ್ವಲ್ಪ ಹೊತ್ತು ತಾವೇ ದೂರ ಈಜಿಹೋಗುತ್ತವೆ, ಮರಿಗಳು ಬೇರೆ ಊಟ ಹುಡುಕಲಿ ಎಂದು. ಗಡಿಯಾರ ಹಿಡಿದು ನೋಡಿದೆ, ನಮ್ಮವೂ ಹಾಗೇ ಮಾಡಿದವು. ಉಳಿದ ಹದಿನೇಳು ಮರಿಗಳು ಈಗ ನಾಣ್ಯದ ಗಾತ್ರ.

ಊಟದ ಸಾಲಿನ ಹುಡುಗಿಯೇ, ನೀನು ಇದನ್ನು ಓದಿದರೆ ನಮ್ಮ ಮನೆಗೆ ಬಾ. ಸಂಘದ ಕಚೇರಿಯಲ್ಲಿ ಕೇಳಿದರೆ ವಿಳಾಸ ಕೊಡುತ್ತಾರೆ. ಮಂಗಳವಾರ ಬೆಳಿಗ್ಗೆ ಬಂದರೆ ನೀರು ಬದಲಿಸುವುದನ್ನೂ ನೋಡಬಹುದು, ಬಕೆಟ್ ಎತ್ತಲು ನನಗೂ ಒಂದು ಕೈ ಬೇಕು. ಸ್ಪಂಜಿನ ತುಂಡು ತೆಗೆದಿಟ್ಟಿದ್ದೇನೆ. ಮುಚ್ಚಳವಿರುವ ಸ್ಟೀಲ್ ಡಬ್ಬಿ ತಾ, ದಾರಿಯಲ್ಲಿ ಒಣಗಬಾರದು. ಬರುವಾಗ ನಿಮ್ಮ ಮನೆಯ ನಲ್ಲಿಯ ನೀರನ್ನೂ ಒಂದು ಬಾಟಲಿಯಲ್ಲಿ ತುಂಬಿಕೊಂಡು ಬಾ. ಅದು ಹೇಗಿದೆಯೆಂದು ಮೊದಲು ನೋಡೋಣ.